ಕಲ್ಲು ಓದಲು ಬಂದ ಪೋಲೆಂಡಿನ ದೊರೆ

ಪರದೇಶದವರ ಜೊತೆ ನಾಲ್ಕು ದಿನ ಓಡಾಡಿದರೆ ನಗುವಂಥದ್ದು ಏನಾದರೊಂದು ಆಗಿಯೇ ತೀರುತ್ತದೆ. ನಡುವೆ ದುಭಾಷಿಯಾಗಿ ನನ್ನಂಥವನಿದ್ದರೆ ಕೇಳುವುದೇ ಬೇಡ. ಆಗ ನಾನು ಚಿತ್ರದುರ್ಗದಲ್ಲಿ ಚರಿತ್ರೆ ಪಾಠ ಹೇಳುವ ಮೇಷ್ಟ್ರು. ಅಮಲ್ದಾರರು ಕರೆಸಿ, "ಯೂರೋಪಿನಿಂದ ದೊಡ್ಡ ಪಂಡಿತರೊಬ್ಬರು ಬರ್ತಿದಾರೆ. ಅವರಿಗೆ ಕನ್ನಡ ಬರಲ್ಲ, ನಮ್ಮ ಜನಕ್ಕೆ ಇಂಗ್ಲಿಷ್ ಬರಲ್ಲ. ನಿಮಗೆ ಎರಡೂ ಅಷ್ಟಿಷ್ಟು ಬರುತ್ತಲ್ಲ, ಜೊತೆಗಿರಿ" ಎಂದರು. ಆ "ಅಷ್ಟಿಷ್ಟು" ಚುಚ್ಚಿತು. ಆದರೂ ಒಪ್ಪಿಕೊಂಡೆ.

ಬಂದವರು ಪೋಲೆಂಡಿನ ಚರಿತ್ರಕಾರರು, ಅಲ್ಲಿನ ಒಂದು ವಿಶ್ವವಿದ್ಯಾಲಯದ ಮುಖ್ಯಸ್ಥರು. ಊರು ಕಾಯುತ್ತ ಸತ್ತವರನ್ನು ಬೇರೆ ಬೇರೆ ದೇಶದ ಜನ ಹೇಗೆ ನೆನೆಯುತ್ತಾರೆ ಎಂಬ ಪುಸ್ತಕ ಬರೆಯುತ್ತಿದ್ದರು. ಜವನಗೊಂಡನಹಳ್ಳಿ ಕಡೆಯ ಒಂದು ವೀರಗಲ್ಲಿನ ಅಕ್ಷರ ಯಾರೂ ಪೂರ್ತಿ ಓದಿಲ್ಲವೆಂದು ಎಲ್ಲೋ ಕೇಳಿ, ಅದರ ಅಚ್ಚು ತೆಗೆದುಕೊಂಡು ಹೋಗಲು ಹಡಗು ಹತ್ತಿದ್ದರು. "ಅದು ಸಿಗದಿದ್ದರೆ ನನ್ನ ಪುಸ್ತಕ ಅರ್ಧಕ್ಕೇ ನಿಲ್ಲುತ್ತದೆ ಮೇಷ್ಟ್ರೇ" ಎಂದು ಹೊಳಲ್ಕೆರೆ ಸ್ಟೇಷನ್ನಿನಲ್ಲಿ ಇಳಿದ ಕೂಡಲೇ ನನ್ನ ಕೈ ಹಿಡಿದು ಹೇಳಿದರು. ಮನುಷ್ಯ ಬಹಳ ಸಾಧು. ಎತ್ತಿಗೂ ಟೋಪಿ ತೆಗೆದು ನಮಸ್ಕಾರ ಮಾಡುವ ಪೈಕಿ.

ಪಾದಪೂಜೆ

ತಾಳ್ಯದಲ್ಲೂ ಹಳೆಯ ಕಲ್ಲುಗಳಿವೆ ಎಂದು ಮೊದಲು ಅಲ್ಲಿಗೆ ಹೋದೆವು. ಅಲ್ಲಿನ ಗೌಡರು, "ಈ ದೊರೆ ಏನು ಕೆಲ್ಸ ಮಾಡ್ತಾರೆ?" ಎಂದರು. ಆಗಿನ್ನೂ ನಮ್ಮ ಸೀಮೆಗೆ ವಿಶ್ವವಿದ್ಯಾಲಯವೇ ಬಂದಿರಲಿಲ್ಲ. ಹೇಗೆ ತಿಳಿಸುವುದು? "ದೊಡ್ಡ ದೊಡ್ಡ ವಿದ್ವಾಂಸರಿರೋ ಮಠ ಅನ್ಕೊಳ್ಳಿ ಗೌಡ್ರೇ. ಇವರು ಅದರ ಮುಖ್ಯಸ್ಥರು" ಎಂದೆ. ಒಂದು ಅನುಮಾನವನ್ನೂ ಉಳಿಸಬಾರದೆಂದು, "ವರ್ಷವರ್ಷವೂ ಹೊಸಬರನ್ನ ಆರಿಸ್ತಾರೆ" ಎಂದೂ ಸೇರಿಸಿದೆ.

"ವರ್ಷಕ್ಕೊಬ್ಬ ಸ್ವಾಮಿಗಳಾ? ಹಳೇ ಸ್ವಾಮಿಗಳು ಏನಾಗ್ತಾರೆ?"

"ಮತ್ತೆ ಪಾಠ ಹೇಳೋಕೆ ಹೋಗ್ತಾರೆ."

"ಶಿವ ಶಿವಾ!" ಎಂದು ಗೌಡರು ಕೆನ್ನೆ ಬಡಿದುಕೊಂಡರು.

ನಾನು ಕೈಕಾಲು ತೊಳೆದು ಬರುವುದರೊಳಗೆ ಪಡಸಾಲೆಯಲ್ಲಿ ಮಣೆ ಹಾಕಿ, ಬೂಟು ಬಿಚ್ಚಿಸಿ, ಹಿತ್ತಾಳೆ ತಟ್ಟೆಯಲ್ಲಿ ಸ್ವಾಮಿಗಳ ಪಾದ ಇಟ್ಟಾಗಿತ್ತು. ಗೌಡರು ನೀರೆರೆದು, ವಿಭೂತಿ ಹಚ್ಚಿ, ಹೂ ಏರಿಸಿದರು. ಪ್ರೊಫೆಸರು ಕಣ್ಣು ಒದ್ದೆ ಮಾಡಿಕೊಂಡು ಕೂತಿದ್ದರು. ಅವರ ಊರಿನಲ್ಲಿ ಹಬ್ಬದ ದಿನ ಚರ್ಚಿನ ಹಿರಿಯ ಗುರುಗಳೇ ಬಗ್ಗಿ ಬಡವರ ಕಾಲು ತೊಳೆಯುತ್ತಾರಂತೆ. ಇಲ್ಲೂ ಅದೇ ಪದ್ಧತಿ, ಇನ್ನು ತನ್ನ ಸರದಿ ಎಂದುಕೊಂಡು ತಟ್ಟನೆ ಮಂಡಿಯೂರಿ ಗೌಡರ ಕಾಲಿಗೆ ಕೈಹಾಕಿದರು.

ಸ್ವಾಮಿಗಳೇ ಕಾಲು ಹಿಡಿದರೆ ಯಾವ ನರಕಕ್ಕೆ ಹೋಗಬೇಕು! ಜಗಲಿಯಿಂದ ಏಳಲು ಆಳಿನ ಹೆಗಲು ಬೇಡುತ್ತಿದ್ದ ಗೌಡರು ಒಂದೇ ನೆಗೆತಕ್ಕೆ ಹೊಸ್ತಿಲು ದಾಟಿ ಕಣದ ಕಡೆ ಓಡಿದರು. ಹಿಂದೆ ತಂಬಿಗೆ ಹಿಡಿದು ಪ್ರೊಫೆಸರು. ಅವರ ಹಿಂದೆ, "ನಿಂತ್ಕಳ್ರಿ ಬುದ್ಧೀ, ತಪ್ಪಾಯ್ತು" ಎನ್ನುತ್ತ ಇಡೀ ಊರು. ಗೌಡರ ಮೊಣಕಾಲು ನೋವು ಅಂದಿಗೆ ವಾಸಿಯಾಯಿತೆಂದು ತಾಳ್ಯದವರು ಬಹಳ ದಿನ ಹೇಳುತ್ತಿದ್ದರು.

ಒತ್ತುವರಿ

ದುರ್ಗದಲ್ಲಿ ಅವರ ಬಿಡಾರ ಒಬ್ಬರು ಹತ್ತಿ ವ್ಯಾಪಾರಿಗಳ ಮನೆಯಲ್ಲಿ. ಸಂಜೆ ಕೋಟೆ ಹತ್ತಿ ಇಳಿದು ಬಂದು ಪ್ರೊಫೆಸರು ಮಂಕಾಗಿ ಕೂತರು. ಯಾಕೆಂದು ಕೇಳಿದರೆ, ತಮ್ಮ ರಾಜ್ಯವೂ ಈ ಕೋಟೆಯ ದೊರೆಗಳ ರಾಜ್ಯದ ಹಾಗೇ ಹೋಯಿತೆಂದರು. ಸುತ್ತಲಿನ ಮೂವರು ದೊರೆಗಳು ಹರಿದು ಹಂಚಿಕೊಂಡು, ಆಗ ನಕ್ಷೆಯಲ್ಲಿ ಅದರ ಹೆಸರೂ ಇರಲಿಲ್ಲ. ಒಬ್ಬ ದೊರೆಯ ಪಾಲಿನಲ್ಲಿ ಇವರು ಮೇಷ್ಟ್ರಾಗಿದ್ದಾಗ ಮಕ್ಕಳಿಗೆ ತಮ್ಮ ಭಾಷೆಯಲ್ಲಿ ಚರಿತ್ರೆ ಹೇಳಿದರೆಂದು ಕೆಲಸ ಹೋಯಿತು. ಇನ್ನೊಬ್ಬನ ಪಾಲಿಗೆ ಬಂದು ಪ್ರೊಫೆಸರಾದರು. ಇದನ್ನೆಲ್ಲ ವ್ಯಾಪಾರಿಗಳಿಗೆ ಕನ್ನಡದಲ್ಲಿ ಹೇಳಿದೆ.

"ಅಣ್ತಮ್ಮಂದಿರು ಪಾಲು ಮಾಡ್ಕಂಡ್ರಾ?"

"ಇಲ್ಲ, ಪಕ್ಕದವರು."

ವ್ಯಾಪಾರಿಗಳು ಎಲೆ ಅಡಿಕೆ ಉಗಿದು ಬಂದು ಕೂತರು. "ಪಕ್ಕದೋರು ಮೂರು ಕಡೆಯಿಂದ ಒತ್ತುವರಿ ಮಾಡ್ಕಂಡವ್ರೆ, ಇವ್ರು ಇಲ್ಲಿ ನಮ್ ಕಲ್ಲು ನೋಡ್ತಾ ಕುಂತವ್ರೆ! ಏನ್ ಮೇಷ್ಟ್ರೇ, ಬುದ್ಧಿ ಹೇಳಬಾರ್ದಾ? ಹಿರಿಯೂರಲ್ಲಿ ನಮ್ ವಕೀಲ್ರು ಅವ್ರೆ. ಒತ್ತುವರಿ ಕೇಸಲ್ಲಿ ಎತ್ತಿದ ಕೈ. ಹೆಂಗೂ ಆ ಕಡೇನೇ ಹೊಂಟೀರಿ, ಕಂಡು ಹೋಗ್ರಿ."

ಹೇಳಿದಂತೆ ಅನುವಾದಿಸಿದೆ. ಪ್ರೊಫೆಸರು ಬಂದ ಮೇಲೆ ಮೊದಲ ಸಲ ಗಹಗಹಿಸಿ ನಕ್ಕರು. ವ್ಯಾಪಾರಿಗಳು ನಗಲಿಲ್ಲ. "ನಗೋದಲ್ಲ. ಮೂರು ಜನದ ಮೇಲೂ ಬೇರೆ ಬೇರೆ ದಾವಾ ಹಾಕ್ಬೇಕು, ನೆಪ್ಪಿರ್ಲಿ" ಎಂದರು.

ಪ್ರಸಾದ

ಕೊನೆಗೂ ಜವನಗೊಂಡನಹಳ್ಳಿ ಆಚೆಯ ಕುರುಬರ ಹಟ್ಟಿಗೆ ಹೋದೆವು. ವೀರಗಲ್ಲು ಇತ್ತು, ಅಕ್ಷರ ಮಾತ್ರ ಕಾಣಲಿಲ್ಲ. ಅದು ಹಟ್ಟಿಯವರ ದೇವರು. ಅಜ್ಜಂದಿರ ಕಾಲದಿಂದ ಬಳಿದ ಎಣ್ಣೆ, ಕುಂಕುಮ ಗಟ್ಟಿಯಾಗಿ ಕೂತಿತ್ತು.

"ದೇವ್ರ ಮೈ ಮುಟ್ಟಾಕೆ ಅಪ್ಪಣೆ ಆಗ್ಬೇಕು" ಎಂದ ಹಟ್ಟಿಯ ಹಿರಿಯ. ಪೂಜಾರಿಯೂ ಅವನೇ. ಕಲ್ಲಿನ ನೆತ್ತಿಯ ಎರಡೂ ಕಡೆ ಒದ್ದೆ ಹೂ ಅಂಟಿಸಿದ. ಬಲಗಡೆಯದು ಬಿದ್ದರೆ ಸೈ, ಎಡಗಡೆಯದು ಬಿದ್ದರೆ ಬಂದ ದಾರಿ ಹಿಡಿಯಬೇಕು. ಪ್ರೊಫೆಸರು ಬಿಸಿಲಿನಲ್ಲಿ ಪರೀಕ್ಷೆಗೆ ಕೂತ ಹುಡುಗನ ಹಾಗೆ ಬೆವರಿದರು. ಬಹಳ ಹೊತ್ತಿನ ಮೇಲೆ ಬಲಗಡೆಯದು ಬಿತ್ತು.

ಅಂಟುವಾಳದ ನೊರೆಯಲ್ಲಿ ದೇವರಿಗೆ ಸ್ನಾನವಾಯಿತು. ಪ್ರೊಫೆಸರು ಒದ್ದೆ ಕಾಗದ ಹೊದಿಸಿ, ಬ್ರಷ್ಷಿನಿಂದ ಬಡಿದು, ಮಸಿ ಒತ್ತಿ ಮೆಲ್ಲಗೆ ಬಿಡಿಸಿದರು. ಸಾಲು ಸಾಲು ಅಕ್ಷರಗಳು ಬೆಳ್ಳಗೆ ಎದ್ದಿದ್ದವು. ಹಿರಿಯ ಅದನ್ನು ಎರಡೂ ಕೈಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ. ನೋಡನೋಡುತ್ತಿದ್ದಂತೆ ಚೂರು ಚೂರು ಹರಿದು ಎಲ್ಲರಿಗೂ ಹಂಚಿಬಿಟ್ಟ!

"ದೇವ್ರ ಮೈಮೇಲಿಂದ ಇಳಿದಿದ್ದು ಪ್ರಸಾದ ಅಲ್ವೇನಪ್ಪ? ತಗಳ್ರಿ" ಎಂದು ಪ್ರೊಫೆಸರಿಗೂ ಅಂಗೈಯಗಲ ಕೊಟ್ಟ.

ಇನ್ನು ಉಳಿದದ್ದು ಒಂದೇ ಹಾಳೆ. ಪ್ರೊಫೆಸರು ಅದನ್ನೂ ಒದ್ದೆ ಮಾಡಿ ಹೊದಿಸಿದರು. ಎರಡನೆಯ ಅಚ್ಚು ಎದ್ದ ಕೂಡಲೇ ನಾನು ಅಡ್ಡ ಬಂದೆ: "ಅಜ್ಜಾ, ಹಟ್ಟಿಯವರಿಗೆಲ್ಲ ಸಿಕ್ಕಿತಲ್ಲ. ಇದು ಇವರ ಮನೆಯಲ್ಲಿರೋ ಮಕ್ಕಳಿಗೆ."

"ಆಗ್ಲಿ. ತಲೆಗೊಂದು ಪಾಲು. ಎಷ್ಟು ಮಕ್ಳು?"

"ಐದು" ಎಂದೆ. ಹಿರಿಯ ತಲೆಗೊಂದು ಬೆರಳಿನಂತೆ ಮೇಲಿನಿಂದ ಐದು ಬೆರಳು ಅಳೆದು ಹರಿಯಲು ಹಿಡಿದ. ಎರಡೇ ಸಾಲು ಸಿಕ್ಕುತ್ತಿತ್ತು.

"ಅಲ್ಲ ಅಲ್ಲ, ಹತ್ತು!" ಬೆರಳು ಕೆಳಗಿಳಿಯಿತು. ಸತ್ತ ವೀರನ ಹೆಸರು ಇನ್ನೂ ಕೆಳಗಿತ್ತು.

"ಹದಿನೈದು! ಮರೆತಿದ್ದೆ ಅಜ್ಜಾ, ಇಪ್ಪತ್ತು!"

ಬೆರಳು ಹಾಳೆಯ ಅಂಚು ಮುಟ್ಟಿತು. ಹಿರಿಯ ಇಡೀ ಹಾಳೆಯನ್ನು ಪ್ರೊಫೆಸರ ಕೈಗಿಟ್ಟ. ಅವರು ಅದನ್ನು ಎದೆಗೊತ್ತಿಕೊಂಡರು. ಹಿರಿಯ ಅವರನ್ನು ಮೇಲಿನಿಂದ ಕೆಳಗಿನ ತನಕ ನೋಡಿ, ಕೈಮುಗಿದು, "ಮನೇಲಿ ಅವ್ವಾರು ಚೆನ್ನಾಗವ್ರಾ, ಕೇಳ್ರಿ" ಎಂದ.

ಕೇಳಿದೆ. ಪ್ರೊಫೆಸರು ಸಂತೋಷದಲ್ಲಿ ತಲೆಯಾಡಿಸುತ್ತ, "ಹೆಂಡತಿಯೇ? ನನಗೆ ಮದುವೆಯೇ ಆಗಿಲ್ಲವಲ್ಲ ಮೇಷ್ಟ್ರೇ!" ಎಂದರು.

"ಏನಂದ್ರು?" ಎಂದ ಹಿರಿಯ.

"ಸ್ವಲ್ಪ ಸುಸ್ತಾಗಿದಾರಂತೆ" ಎಂದೆ.