ಸಾಲುಕತ್ತರಿಯ ಮೂರು ಪ್ರತಿಗಳು

ಒಂದೇ ಮನೆಯಲ್ಲಿ ಒಂದೇ ವಸ್ತು ಮೂರು ಮೂರು ಇದ್ದರೆ ನನಗೆ ಅನ್ನ ಇಳಿಯುವುದಿಲ್ಲ. ಏನು ಮಾಡಲಿ, ಇಪ್ಪತ್ತೆರಡು ವರ್ಷದಿಂದ ನಲ್ಲಿ, ಪೈಪುಗಳ ಗೋದಾಮಿನಲ್ಲಿ ಸ್ಟೋರ್ ಕೀಪರ್. ಹೆಚ್ಚುವರಿ ಕಂಡರೆ ಕೈ ತುರಿಸುತ್ತದೆ. ಮನೆಯಲ್ಲಿ ನಾಲ್ಕು ಛತ್ರಿ ಇದ್ದವು, ಈಗ ಒಂದೇ. (ಮಳೆ ಬಂದಾಗ ಹೆಂಡತಿ ನನಗೆ ಏನನ್ನುತ್ತಾಳೆ ಎಂಬುದನ್ನು ಇಲ್ಲಿ ಬರೆಯುವಂತಿಲ್ಲ.)

ಆ ಭಾನುವಾರ ಬೆಳಿಗ್ಗೆ ನನ್ನ ಶನಿದೃಷ್ಟಿ ಹಾಲ್‌ನ ಕಂಪ್ಯೂಟರಿನ ಮೇಲೆ ಬಿತ್ತು. ನನ್ನವಳು ಅದರಲ್ಲಿ ಅಚ್ಚಿಗೆ ಹೋಗುವ ಶಾಲಾ ಪುಸ್ತಕಗಳ ಪುಟ ಕಟ್ಟುತ್ತಾಳೆ. ಜಾಗ ಸಾಲುತ್ತಿಲ್ಲ ಎಂದು ಅದು ಎರಡು ದಿನದಿಂದ ಗೊಣಗುತ್ತಿತ್ತು. ಅವಳು ಸ್ನಾನಕ್ಕೆ ಹೋದದ್ದೇ ತಡ, ನಾನು ದಾಸ್ತಾನು ತಪಾಸಣೆಗೆ ಕೂತೆ. ನೋಡುತ್ತೇನೆ, ‘ಸಾಲುಕತ್ತರಿ’ ಎಂಬ ಹೆಸರಿನ ಫೈಲು ಮೂರು ಕಡೆ! ಪುಟ ಕಟ್ಟುವ ಪ್ರೋಗ್ರಾಮಿನ ಬಳಿ ಒಂದು, ಪತ್ರ ಬರೆಯುವುದರ ಬಳಿ ಒಂದು, ಲೇಬಲ್ ಅಚ್ಚು ಹಾಕುವುದರ ಬಳಿ ಮತ್ತೊಂದು. ಒಂದನ್ನು ನಡುವೆ ಇಟ್ಟುಕೊಂಡು ಮೂವರೂ ಹಂಚಿಕೊಳ್ಳಬಾರದೆ? ಏನು ದುಂದು! ಹೊಸದನ್ನು ಉಳಿಸಿ, ಹಳೆಯ ಎರಡನ್ನು ಅಳಿಸಿ, ಕಸದ ಬುಟ್ಟಿಯನ್ನೂ ಝಾಡಿಸಿಬಿಟ್ಟೆ. (ಹೀಗೆ ಉಳಿದ ಜಾಗದಲ್ಲಿ ಒಂದು ಫೋಟೋ ಕೂಡ ಹಿಡಿಸುವುದಿಲ್ಲವೆಂದು ಆಮೇಲೆ ತಿಳಿಯಿತು.)

ನನ್ನವಳು ಬಂದು ಕೂತಳು. ಪುಟದ ಪ್ರೋಗ್ರಾಂ ತೆರೆಯಲಿಲ್ಲ. ‘ಸಾಲುಕತ್ತರಿ ಕಾಣುತ್ತಿಲ್ಲ’ ಎಂದಿತು.

“ರೀ, ಏನ್ರೀ ಮಾಡಿದ್ರಿ?”

“ಏನಿಲ್ಲ ಕಣೇ, ಸ್ವಲ್ಪ ಒಪ್ಪ ಓರಣ.”

ಗತ್ತಿನಿಂದ ಹೊಸದರ ಒಂದು ಪ್ರತಿಯನ್ನು ಅಲ್ಲಿಗೆ ತಂದಿಟ್ಟೆ. ‘ಇದು ನನಗೆ ಬೇಕಾದ ಸಾಲುಕತ್ತರಿ ಅಲ್ಲ’ ಎಂದು ಪ್ರೋಗ್ರಾಂ ಮುಖ ತಿರುಗಿಸಿತು.

“ಸಂಜೆ ಐದಕ್ಕೆ ನೂರ ನಲವತ್ತು ಪುಟದ ಲೆಕ್ಕದ ಪುಸ್ತಕ ಪ್ರೆಸ್ಸಿಗೆ ಹೋಗ್ಬೇಕು. ಭಾನುವಾರ ಆದ್ರೂ ಮಷಿನ್ ಬಿಡುವು ಮಾಡ್ಕೊಂಡು ಕಾಯ್ತಿದಾರೆ. ಶಾಲೆ ಶುರುವಾಗೋಕೆ ಆರೇ ದಿನ!”

“ಪ್ರೋಗ್ರಾಂ ಮತ್ತೆ ಹಾಕಿಸೋಣ.”

“ಅದನ್ನ ಮಾರಿದ ಕಂಪನಿ ಬಾಗಿಲು ಮುಚ್ಚಿ ಮೂರು ವರ್ಷ ಆಯ್ತು.”

ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಅಭ್ಯಾಸವಿದೆ. ಆದರೆ ಅವಳು ಸುಮ್ಮನೆ ಕಣ್ಣೊರೆಸಿಕೊಂಡಳು.

ಮೊಬೈಲ್ ಹಿಡಿದು ಮೂಲೆಗೆ ಸರಿದೆ. ಹುಡುಕಿದಾಗ ಸಾಲುಕತ್ತರಿಯದೇ ಒಂದು ಪ್ರಶ್ನೋತ್ತರದ ತಾಣ ಸಿಕ್ಕಿತು. ಸಾಲಿನ ತುದಿಯಲ್ಲಿ ಪದ ಹಿಡಿಸದಿದ್ದರೆ ಎಲ್ಲಿ ಮುರಿಯಬೇಕೆಂದು ಹೇಳುವುದಷ್ಟೇ ಆ ಪುಟಾಣಿ ಫೈಲಿನ ಕೆಲಸವಂತೆ. ಆದರೆ ಅದನ್ನು ನಂಬಿ ಕೂತವರ ಪಟ್ಟಿ ನೋಡಿ ನನ್ನ ಕೈ ನಿಂತಿತು. ಯಾವುದೋ ದೇಶದ ದಿನಪತ್ರಿಕೆ, ಇನ್ಯಾವುದೋ ಊರಿನ ಆಸ್ಪತ್ರೆಯ ಔಷಧಿ ಚೀಟಿ, ರೈಲು ನಿಲ್ದಾಣದ ಫಲಕ... ಅಷ್ಟೂ ಪ್ರೋಗ್ರಾಮುಗಳು ಈ ಒಂದರ ಹೆಗಲ ಮೇಲೆ ಕೈ ಹಾಕಿ ನಿಂತಿದ್ದವು. ಬರೆದವರು ಒಬ್ಬರೇ, ‘ತಿದ್ದುಪಡಿ’ ಎಂಬ ಗುಪ್ತನಾಮದವರು. ಯಾವ ಮಹಾನುಭಾವನೋ ಎಂದು ಮನಸ್ಸಿನಲ್ಲೇ ಕೈ ಮುಗಿದು ಬರೆದೆ:

“ಮಹನೀಯರೇ, ನಮ್ಮ ಕಂಪ್ಯೂಟರಿನಿಂದ ಹಳೆಯ ಸಾಲುಕತ್ತರಿ ಅಕಸ್ಮಾತ್ ಕಾಣೆಯಾಗಿದೆ.”

ಒಳಕೋಣೆಯಲ್ಲಿ ಟಣ್ ಎಂದಿತು. ಅಲ್ಲಿರುವುದು ನನ್ನ ಅತ್ತೆ, ಹೆಂಡತಿಯ ತಾಯಿ. ಮೂವತ್ತು ವರ್ಷ ಪ್ರೆಸ್ಸಿನಲ್ಲಿ ಕರಡು ತಿದ್ದಿ ನಿವೃತ್ತರಾಗಿ ನಮ್ಮೊಂದಿಗಿದ್ದಾರೆ. ದಿನವಿಡೀ ಲ್ಯಾಪ್‌ಟಾಪಿನಲ್ಲಿ ಟಕಟಕ ಎನ್ನುತ್ತಿರುತ್ತಾರೆ. ಇಸ್ಪೀಟು ಆಡುತ್ತಾರೆಂದು ನನ್ನ ಖಚಿತ ಅಭಿಪ್ರಾಯ. ಈಗಲೂ ಟಕಟಕ ಕೇಳಿತು. ಉತ್ತರ ಬಂತು:

“ತಾನಾಗಿ ಕಾಣೆಯಾಗುವ ಫೈಲನ್ನು ನಾನು ಬರೆದಿಲ್ಲ. ಯಾರು ಅಳಿಸಿದ್ದು?”

ಮಾನ ಮುಖ್ಯವಲ್ಲವೇ? “ಬೆಕ್ಕು ಕೀಬೋರ್ಡಿನ ಮೇಲೆ ಓಡಾಡಿತು” ಎಂದೆ.

ಒಳಗೆ ಟಣ್. ಟಕಟಕ.

“ನಮ್ಮ ಮನೆಯಲ್ಲಿ ಬೆಕ್ಕಿಲ್ಲವಲ್ಲ.”

ಮೂರು ಸಲ ಓದಿದೆ. ‘ನಮ್ಮ’? ಕಾಲು ತಾನಾಗಿ ಒಳಕೋಣೆಯ ಬಾಗಿಲಿಗೆ ಹೋಯಿತು.

“ಬನ್ನಿ ಅಳಿಯಂದ್ರೇ,” ಎಂದರು ಅತ್ತೆ, ಕನ್ನಡಕ ಸರಿಮಾಡಿಕೊಳ್ಳುತ್ತ. ಪರದೆಯ ಮೇಲೆ ನಾನು ಬರೆದ ಬೆಕ್ಕು ಕೂತಿತ್ತು. ಅದರ ಕೆಳಗೆ, ಸಮುದ್ರಗಳಾಚೆಯಿಂದ ಅವರ ಒಂದು ಮಾತಿಗಾಗಿ ಕಾದಿದ್ದವರ ಹೆಸರುಗಳು, ಉದ್ದಕ್ಕೆ.

“ಅತ್ತೆ... ಇದನ್ನ ಬರ‍್ದಿದ್ದು... ನೀವಾ?”

“ಪ್ರೆಸ್ಸಲ್ಲಿ ಒತ್ತಕ್ಷರದ ಕಾಲು ಕತ್ತರಿಸಿ ಮುಂದಿನ ಸಾಲಿಗೆ ಎಸೀತಿದ್ರು. ನೋಡೋಕಾಗ್ತಿರಲಿಲ್ಲ. ರಿಟೈರಾದ್ಮೇಲೆ ಕಲ್ತು ಬರೆದೆ.”

ನನ್ನವಳೂ ನನ್ನ ಹಿಂದೆಯೇ ಬಂದಿದ್ದಳು. “ಅಮ್ಮಾ, ನಂಗೂ ಹೇಳ್ಲಿಲ್ವಲ್ಲ!”

“ನೀನು ಕೇಳಿದ್ಯಾ?”

ದಿನಾ ನನ್ನ ಎದುರು ಕೂತು ಟೀ ಕುಡಿಯುವ, ಲೋಟದ ಕೆಳಗೆ ತಟ್ಟೆ ಇಡಲು ನನಗೆ ನೆನಪಿಸುವ ಈ ಹೆಂಗಸಿನ ಮಾತು ಕೇಳಿ, ಕಂಡರಿಯದ ದೇಶಗಳ ಅಕ್ಷರಗಳು ಸಾಲಾಗಿ ತಿರುಗುತ್ತಿದ್ದವು. ಚಪ್ಪಲಿ ಬಿಟ್ಟು ಬರಬೇಕಿತ್ತು ಅನ್ನಿಸಿತು.

ಅತ್ತೆ ಪರದೆಯ ಮೇಲೆ ಒಂದು ಫೋಲ್ಡರ್ ತೆರೆದರು. ಸಾಲುಕತ್ತರಿಯ ಹನ್ನೊಂದು ಆವೃತ್ತಿಗಳೂ ಅಲ್ಲಿ ಭದ್ರವಾಗಿದ್ದವು.

“ಹಂಚ್ಕೊಳ್ಳೋದು ಒಳ್ಳೇದೇ ಅಳಿಯಂದ್ರೇ. ಆದ್ರೆ ಹಳೇ ಪ್ರೋಗ್ರಾಂ ತನ್ನ ಕಾಲದ ಕತ್ತರೀನೇ ಕೇಳತ್ತೆ. ನಿಮ್ಮ ಗೋದಾಮಲ್ಲಿ ಹಳೇ ಪೈಪಿಗೆ ಹೊಸ ನಲ್ಲಿ ಕೂರತ್ತಾ?”

“ಕೂರಲ್ಲ ಅತ್ತೆ. ಸೋರತ್ತೆ.”

“ಮತ್ತೆ?”

ನಾಲ್ಕನೆಯ ಆವೃತ್ತಿಯನ್ನು ಪುಟದ ಪ್ರೋಗ್ರಾಮಿಗೂ, ಏಳನೆಯದನ್ನು ಪತ್ರದ ಪ್ರೋಗ್ರಾಮಿಗೂ ಕೊಟ್ಟರು. ಎರಡೂ ಎದ್ದು ನಿಂತವು. ಐದಕ್ಕೆ ಹತ್ತು ನಿಮಿಷವಿರುವಾಗ ಪುಸ್ತಕ ಪ್ರೆಸ್ಸಿಗೆ ಹೋಯಿತು. ನನ್ನವಳು ಮೈ ಮುರಿದು ನಕ್ಕಳು: “ಅಳಿಸೋದೇ ಕಸುಬು ಅಂತಾನೇ ‘ಅಳಿಯ’ ಅಂತ ಹೆಸರಿಟ್ಟಿರ‍್ಬೇಕು ಬಿಡಮ್ಮ.”

ಅತ್ತೆ ನಗಲಿಲ್ಲ. ಅದನ್ನು ಒಂದು ಚೀಟಿಯಲ್ಲಿ ಬರೆದುಕೊಂಡರು.

ಮುಂದಿನ ವಾರ ಹನ್ನೆರಡನೆಯ ಆವೃತ್ತಿ ಹೊರಬಂತು. ಅದರ ಜೊತೆಗೆ ಬೇರೆಯದೇ ಒಂದು ಕಾವಲು ಫೈಲು: ಯಾರಾದರೂ ಸಾಲುಕತ್ತರಿಯನ್ನು ಅಳಿಸಿದ್ದರೆ, ಅದಲುಬದಲು ಮಾಡಿದ್ದರೆ ಕೂಡಲೇ ಪತ್ತೆ ಹಚ್ಚುತ್ತದೆ. ಆ ತಪಾಸಣೆಯ ಹೆಸರು ‘ಅಳಿಯ’. ದೂರದೇಶದ ಒಬ್ಬರು ಪದದ ಅರ್ಥ ಕೇಳಿದರಂತೆ. “ನಮ್ಮ ಭಾಷೆಯಲ್ಲಿ, ಬಹಳ ಗೌರವದಿಂದ ಕಾಣಬೇಕಾದ ಅಪಾಯ” ಎಂದು ಅತ್ತೆ ಉತ್ತರಿಸಿದ್ದಾರೆ.

ಈಗ ಲೋಕದ ಸಾವಿರಾರು ಕಂಪ್ಯೂಟರುಗಳು ದಿನಾ ಬೆಳಿಗ್ಗೆ ಎದ್ದೊಡನೆ, ‘ಅಳಿಯ ಇಲ್ಲಿಗೇನಾದರೂ ಬಂದಿದ್ದನೇ?’ ಎಂದು ಸುತ್ತ ನೋಡಿ, ಬಂದಿಲ್ಲವೆಂದು ಖಾತ್ರಿಯಾದ ಮೇಲಷ್ಟೇ ಕೆಲಸ ಶುರುಮಾಡುತ್ತವೆ.