ಖಾರ ಕುಟ್ಟುವಾಗ ಗೋಡೆ ನೋಡಬೇಕು

ಜಾಹೀರಾತು ಎಂದರೆ ಸೀನು ಎಂದು ನಾನು ಬಹಳ ವರ್ಷ ನಂಬಿಕೊಂಡಿದ್ದೆ. ತಪ್ಪು ನನ್ನದಲ್ಲ. ಗಡಿಯಾಚೆ ಕೊಲ್ಹಾಪುರ ಸೀಮೆಯ ಗಡಹಿಂಗ್ಲಜದಲ್ಲಿ ನಮ್ಮದು ಖಾರ ಕುಟ್ಟುವ ಗಿರಣಿ. ಶಿವರಾತ್ರಿ ಕಳೆದು ಬಿಸಿಲು ಏರಿತೆಂದರೆ ಅಪ್ಪ ಓಣಿ ಕಡೆಯ ಬಾಗಿಲನ್ನು ಪೂರ್ತಿ ತೆರೆದಿಟ್ಟು, ಮೊದಲ ಮೆಣಸಿನಕಾಯಿಯನ್ನು ಒರಳಿಗೆ ಸುರಿಯುತ್ತಿದ್ದ. ಮೊದಲು ಎದುರುಮನೆಯ ಮಾಸ್ತರರು ಸೀನುತ್ತಿದ್ದರು, ಆಮೇಲೆ ದರ್ಜಿ, ಆಮೇಲೆ ಬಸ್ ಸ್ಟ್ಯಾಂಡಿಗೆ ಹೊರಟವರು. ಅವರು ಸೀನುತ್ತಲೇ ಬಸ್ ಹತ್ತಿ, ಗಿರಣಿ ಚಾಲೂ ಆದ ಸುದ್ದಿಯನ್ನು ತಮ್ಮ ತಮ್ಮ ಹಳ್ಳಿಗೆ ಮುಟ್ಟಿಸುತ್ತಿದ್ದರು. ಹೊರಗೊಂದು ಬೋರ್ಡು ಬರೆಸೋಣ ಎಂದರೆ ಅಪ್ಪ, "ಮೂಗ ಇದ್ದಾಂವ ಬರ್ತಾನ ಬಿಡೋ" ಎಂದು ನನ್ನನ್ನೇ ಬಯ್ಯುತ್ತಿದ್ದ.

ಈಗ ಮೂಗಿನ ಕಾಲ ಹೋಗಿ ಹೆಬ್ಬೆರಳಿನ ಕಾಲ ಬಂದಿದೆ. ಇಚಲಕರಂಜಿಯಲ್ಲಿ ಸೀರೆ ಅಂಗಡಿಯ ಮಾಲೀಕರು, ಒಳ್ಳೆ ಹುರಿಮೀಸೆಯ ಗಂಡಸರು, ಸಂಜೆಯಾದರೆ ಫೋನಿನ ಮುಂದೆ ನಿಂತು ಸೆರಗನ್ನು ತಮ್ಮ ಹೆಗಲ ಮೇಲೇ ಹೊದ್ದುಕೊಂಡು, "ತಾಈ, ಕಾಠ ಬಘಾ" ಎಂದು ಅಂಚು ತೋರಿಸುತ್ತಾರೆ. ಕೊಲ್ಹಾಪುರದ ಚಪ್ಪಲಿಯವರು ಚಪ್ಪಲಿಯನ್ನು ಮೈಕಿನ ಹತ್ತಿರ ಹಿಡಿದು, ಬಗ್ಗಿಸಿ, ಅದರಿಂದ ಕರಕರ ಅನಿಸುತ್ತಾರೆ. ಮಿಸಳ ಹೋಟೆಲಿನವರು ಕೆಂಪು ರಸ್ಸಾವನ್ನು ಎಷ್ಟು ನಿಧಾನವಾಗಿ ಸುರಿಯುತ್ತಾರೆಂದರೆ, ಅದು ತಟ್ಟೆ ಮುಟ್ಟುವುದರೊಳಗೆ ನಮ್ಮ ಹಸಿವೆಯೇ ಸತ್ತಿರುತ್ತದೆ. ಗೋಕುಳ ಶಿರಗಾಂವದಲ್ಲಿ ಫೌಂಡ್ರಿ ಇಟ್ಟಿರುವ ನನ್ನ ಷಡ್ಡಕನಂತೂ ಕಾದ ಕಬ್ಬಿಣ ಹೊಯ್ಯುವುದಕ್ಕೆ ಪ್ರೇಮಗೀತೆ ಜೋಡಿಸಿದ್ದಾನೆ. "ಇದನ್ನ ನೋಡಿ ಯಾರಪಾ ನಿನ್ನ ಪಂಪಿನ ಸಾಮಾನ ತಗೋತಾರ?" ಎಂದು ಕೇಳಿದೆ. "ತಗೊಂಡ್ರೆಷ್ಟು ಬಿಟ್ರೆಷ್ಟು. ನನ್ನ ಹೇಂತಿ ಮೊದಲ ಸಲ ಫೌಂಡ್ರಿ ಭಾಳ ಚಂದ ಐತಿ ಅಂದಾಳ" ಎಂದ. ಅವನ ಮುಖದಲ್ಲಿಯ ಸಂತೋಷ ನೋಡಿ ನಾನೂ ಅದಕ್ಕೊಂದು ಹೆಬ್ಬೆರಳು ಒತ್ತಿದೆ.

ನನ್ನ ಸೊಸೆ ಪಲ್ಲವಿ ಕೊಲ್ಹಾಪುರದವಳು. ಪೇಟೆಯಲ್ಲಿ ಸಿದ್ಧ ಮಸಾಲೆಯ ಪಾಕೀಟುಗಳು ಬಂದ ಮೇಲೆ ಗಿರಣಿಗೆ ಬರುವ ಹೆಣ್ಣುಮಕ್ಕಳು ವರ್ಷವರ್ಷಕ್ಕೂ ಕಡಿಮೆಯಾಗುತ್ತಿದ್ದುದನ್ನು ಅವಳೂ ನೋಡಿದ್ದಳು. "ಮಾಮಾ, ಸೀನು ಪುಣೆ ಮಟಾ ಹೋಗೂದಿಲ್ರಿ. ರೀಲ್ ಹೋಗ್ತೇತಿ" ಎಂದಳು. ಮಾತು ಖರೆ ಅನ್ನಿಸಿತು, ಒಪ್ಪಿಬಿಟ್ಟೆ. ಮೊದಲ ರೀಲಿನಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೈಮುಗಿದು "ಬರ್ರಿ, ಬರ್ರಿ" ಎಂದೆ. ಷಡ್ಡಕನೊಬ್ಬನನ್ನು ಬಿಟ್ಟು ಯಾರೂ ನೋಡಲಿಲ್ಲ.

ಆದರೆ ನಮ್ಮ ಗಿರಣಿಯದೊಂದು ಪದ್ಧತಿಯನ್ನು ನಾನು ಅವಳಿಗೆ ಹೇಳಿರಲಿಲ್ಲ. ಹೇಳಬೇಕಾದದ್ದು ಎಂದು ಹೊಳೆದೇ ಇರಲಿಲ್ಲ. ಮಸಾಲಿ ಖಾರದ ಅಳತೆ ಒಂದೊಂದು ಮನೆಯದು ಒಂದೊಂದು. ಅತ್ತೆ ಅದನ್ನು ಹಿರಿಸೊಸೆಯ ಕಿವಿಯಲ್ಲಿ ಮಾತ್ರ ಹೇಳಬೇಕು. ಆಕೆ ಗಂಟು ಬಿಚ್ಚಿ ಒರಳಿಗೆ ಸುರಿಯುವಾಗ ಗಿರಣಿಯವನು ಗೋಡೆಗೆ ಮುಖ ಮಾಡಿ ನಿಲ್ಲಬೇಕು. "ಕುಟ್ಟೂದು ನಮ್ಮ ಕೆಲಸ, ನೋಡೂದಲ್ಲ" ಎನ್ನುತ್ತಿದ್ದ ಅಪ್ಪ. ಚಿಕ್ಕವನಿದ್ದಾಗ ನಾನೂ ಅವನ ಹಿಂದೆ ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದೆ. ನನ್ನ ಕಣ್ಣೆದುರಿಗೆ ಇರುತ್ತಿದ್ದದ್ದು ಖಾರದ ಪುಡಿ ಕೂತು ಕೆಂಪಗಾದ ಅವನ ಬನಿಯನ್ನಿನ ಬೆನ್ನು. ಅಪ್ಪ ಹೋಗಿ ಎಷ್ಟೋ ಕಾಲವಾಯಿತು. ಅವನ ಮುಖಕ್ಕಿಂತ ಆ ಬೆನ್ನೇ ನನಗೆ ಚೆನ್ನಾಗಿ ನೆನಪಿದೆ.

ಈ ಬೇಸಿಗೆಯಲ್ಲಿ ಶಾಂತಕ್ಕ ಬಂದಳು. ಮದುವೆಯಾಗಿ ಈ ಕಡೆ ಬಂದಾಗಿನಿಂದ ನಮ್ಮದೇ ಗಿರಣಿ ಅವಳಿಗೆ. ಅವಳ ಮನೆಯ ಖಾರಕ್ಕೆ ಊರಲ್ಲೆಲ್ಲ ಹೆಸರು. ಅದರ ಅಳತೆ ತನಗೆ ಸಿಗಲಿಲ್ಲವೆಂದು ಅವಳ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಮಾತು ಬಿಟ್ಟು ಬೇರೆ ಒಲೆ ಹೂಡಿದ್ದಳು. ಶಾಂತಕ್ಕ ಗಂಟು ಬಿಚ್ಚಿದಳು, ನಾನು ಗೋಡೆಗೆ ತಿರುಗಿದೆ. ಪಲ್ಲವಿ ನನ್ನ ಬೆನ್ನ ಹಿಂದೆ ಪ್ರತಿಯೊಂದು ಸಾಮಾನನ್ನೂ ಹತ್ತಿರದಿಂದ ಹಿಡಿದು ರೀಲ್ ಮಾಡಿದಳು. ನನಗೆ ಕಂಡದ್ದು ಕ್ಯಾಲೆಂಡರು ಮಾತ್ರ. ಆ ರೀಲನ್ನು ಸುತ್ತಲಿನ ಊರೆಲ್ಲ ನೋಡಿತು. ನೆಗೆಣ್ಣಿಯೂ ನೋಡಿದಳು.

ಕೆಲವು ದಿನ ಬಿಟ್ಟು ಶಾಂತಕ್ಕ ಮತ್ತೆ ಬಂದಳು, ಕಣ್ಣು ಕೆಂಪಗೆ. "ಏನ್ರಿ ಅಣ್ಣಾ, ನಿಮ್ಮ ಅಪ್ಪಾರಿದ್ರ ಹಿಂಗ ಆಗ್ತಿತ್ತೇನ್ರಿ?" ಎಂದಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಳತೆ ಬಯಲಾಗಿದ್ದಕ್ಕೆ ಕೈಮುಗಿದು ಕ್ಷಮೆ ಕೇಳಿದೆ.

"ಬಯಲಾಗಿದ್ರ ಚಲೋ ಇತ್ರಿ" ಎಂದು ಅವಳು ಅಳುತ್ತಲೇ ಹೇಳಿದಳು. "ಆಕಿ ಫೋನ್ ಹಿಡದ್ಲು. ಬ್ಯಾಡ ಅನ್ನಾಕ ಬಾಯಿ ಬರಲಿಲ್ಲ, ಹೊಸಾ ಸೀರಿ ಬ್ಯಾರೆ ಉಟ್ಟಿದ್ದೆ. ನೋಡಿದವ್ರು ದಾರಿ ತಪ್ಪಲಿ ಅಂತ, ಮಗಳ ಬಾಣಂತನಕ್ಕ ಕೊಂಡಿದ್ದ ಅಜವಾನಾ ಚೀಲದಾಗಿತ್ತಲ್ಲ, ಅದನ್ನೂ ಸುರದೆ. ಈಗ ವರ್ಷದ ಖಾರೆಲ್ಲಾ ಬಾಣಂತಿ ಖೋಲಿ ವಾಸನಿ ಹೊಡಿಯಾಕತ್ತೇತಿ! ರೀಲ್ ನೋಡಿ ನೆಗೆಣ್ಣಿನೂ ಹಂಗ ಮಾಡ್ಕೊಂಡಾಳ. ಮೈದುನ ಹಾದ್ಯಾಗ ನಿಲ್ಲಿಸಿ, 'ವೈನಿ, ನಮ್ಮವ್ವನ ಖಾರಾ ಕೆಡಿಸಿಬಿಟ್ರಿ' ಅಂದಾನ. ನಮ್ಮತ್ತಿ ಹೆಸರ ಮಣ್ಣಾತ್ರಿ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಪಲ್ಲವಿ ಮುಖ ಸಣ್ಣದು ಮಾಡಿಕೊಂಡು, ರೀಲ್ ತೆಗೆದುಹಾಕುತ್ತೇನೆ ಎಂದಳು. ಶಾಂತಕ್ಕ ಕಣ್ಣು ಒರೆಸಿಕೊಂಡು ಬಾಗಿಲ ಕಡೆ ಕೈ ಮಾಡಿದಳು. ಅಲ್ಲಿ ಇನ್ನೊಬ್ಬ ಹೆಣ್ಣುಮಗಳು ಗಂಟು ಹಿಡಿದು ನಿಂತಿದ್ದಳು. ಅವಳೇ ನೆಗೆಣ್ಣಿ. "ಸುಳ್ಳ ಖಾರಾ ಎರಡ ಮನ್ಯಾಗ ಇರೂದಕಿಂತ ಖರೇ ಖಾರಾ ಇರಲಿ ಅಂತ ಕರ್ಕೊಂಡ ಬಂದೇನ್ರಿ. ಈಗ ನೀವಿಬ್ರೂ ತಿರುಗ್ರಿ" ಎಂದು ಶಾಂತಕ್ಕ ಅಪ್ಪಣೆ ಮಾಡಿದಳು.

ಮಾವ, ಸೊಸೆ ಇಬ್ಬರೂ ಗೋಡೆಗೆ ಮುಖ ಮಾಡಿ ನಿಂತೆವು. ಹಿಂದೆ ಗಂಟು ಬಿಚ್ಚಿದ ಸದ್ದು, ಪಿಸುಮಾತು, ಆಮೇಲೆ ಒರಳಿನ ಸದ್ದು. ಮೊದಲು ನೆಗೆಣ್ಣಿ ಸೀನಿದಳು, ಆಮೇಲೆ ಶಾಂತಕ್ಕ. ಇಬ್ಬರೂ ಸೀನುತ್ತ ಸೀನುತ್ತ ನಗತೊಡಗಿದರು. ಅಪ್ಪ ಇರಬೇಕಿತ್ತು ಅನ್ನಿಸಿತು. ಆ ನಗುವಿನ ನಡುವೆ ಶಾಂತಕ್ಕ ಕಟ್ಟೆಯ ಮೇಲಿದ್ದ ಪಲ್ಲವಿಯ ಫೋನ್ ಎತ್ತಿಕೊಂಡು, "ನಮ್ಮನ್ನ ಹಿಡದಾಕಿನ್ನ ನಾವು ಹಿಡಿಯೂಣು" ಎಂದು ನಮ್ಮಿಬ್ಬರ ಬೆನ್ನುಗಳ ರೀಲ್ ಮಾಡಿಬಿಟ್ಟಳು.

ಪಲ್ಲವಿ ಹಳೆಯ ರೀಲ್ ತೆಗೆದು ಆ ಜಾಗದಲ್ಲಿ ಇದನ್ನೇ ಹಾಕಿದಳು. ಈಗ ಗಿರಣಿಯ ಮುಂದೆ ಮತ್ತೆ ಗಂಟುಗಳ ಸಾಲು. "ಗೋಡಿ ನೋಡೂ ಮಾಮಾನ ಗಿರಣಿ ಇದ ಏನ್ರಿ?" ಎಂದು ಕೇಳಿಕೊಂಡು ಕಾಗಲ, ಮುರಗೂಡದಿಂದಲೂ ಬರುತ್ತಾರೆ. ಮೊನ್ನೆ ಕೊಲ್ಹಾಪುರದ ಪೇಟೆಯಲ್ಲಿ ಹೋಗುತ್ತಿದ್ದಾಗ ಹಿಂದಿನಿಂದ ಒಬ್ಬಾಕೆ, "ಅಯ್ಯ, ಗಿರಣಿ ಮಾಮಾ!" ಎಂದು ಕೂಗಿದಳು. ಹಿಗ್ಗಿ ಹೀರೇಕಾಯಿಯಾಗಿ ತಿರುಗಿದೆ. ನನ್ನ ಮುಖವನ್ನು ಒಂದು ಗಳಿಗೆ ನೋಡಿ, "ಅಲ್ರಿ, ತಪ್ಪಾತು, ಬ್ಯಾರೇದವ್ರು" ಎಂದು ಹೋಗಿಬಿಟ್ಟಳು. ಅಲ್ಲಿಂದ ನೆಟ್ಟಗೆ ಕ್ಷೌರದಂಗಡಿಗೆ ಹೋಗಿ ಕುರ್ಚಿಯಲ್ಲಿ ಕೂತು ಹೇಳಿದೆ: "ಮುಂದಿಂದು ಹೆಂಗರ ಇರಲಿ ತಮ್ಮಾ, ಹಿಂದಿಂದು ಮಾತ್ರ ಛಂದಂಗಿ ತಗಿ."