ಡೆನ್ಮಾರ್ಕಿನ ಪೇಪರೂ ನಮ್ಮನೆ ಬಜ್ಜಿಯೂ

ನಾನು ಓದಿದ್ದು ಏಳನೇ ಕ್ಲಾಸು. ಮಿಕ್ಕಿದ್ದನ್ನೆಲ್ಲ ದಿನಸಿ ಕಟ್ಟಿಕೊಟ್ಟ ಪೇಪರಿನಿಂದ ಕಲಿತೆ. ಹಾಗಾಗಿ ನಾನೆಲ್ಲಿದ್ದರೂ ಪೇಪರು ನನ್ನನ್ನು ಹುಡುಕಿಕೊಂಡು ಬರುತ್ತೆ, ಜೊತೆಗೊಂದು ಜಗಳವನ್ನೂ ತರುತ್ತೆ. ಆಸ್ಟ್ರೇಲಿಯಾದ ಬ್ಲ್ಯಾಕ್‌ಟೌನಿಗೆ ಬಂದ ಮೇಲೂ ಇದು ತಪ್ಪಲಿಲ್ಲ.

೧. ನಾಲ್ಕು ಪೇಪರಿನ ಊರು

ಪಕ್ಕದ ಮನೆಯಲ್ಲಿ ಡೆನ್ಮಾರ್ಕಿನ ವಯಸ್ಸಾದ ದಂಪತಿ ಇದ್ದರು. ಫೋನಿನಲ್ಲಿ ಪೇಪರು ಓದುವ ಕಾಲ ಇನ್ನೂ ಬಂದಿರಲಿಲ್ಲ. ಅಂಕಲ್‌ಗೆ ಅವರ ತಂಗಿ ಅಲ್ಲಿನ ದಿನಪತ್ರಿಕೆಯನ್ನು ಕಟ್ಟುಕಟ್ಟಾಗಿ ಪೋಸ್ಟ್ ಮಾಡುತ್ತಿದ್ದರು.

ಒಂದು ಶನಿವಾರ ಇಬ್ಬರೂ ನಮ್ಮನೆಗೆ ಟೀಗೆ ಬಂದಾಗ ಅಂಕಲ್ ಹೇಳಿದರು: "ಹಿಂದೆ ನಮ್ಮೂರಲ್ಲಿ ನಾಲ್ಕು ಪಕ್ಷ, ನಾಲ್ಕು ಪೇಪರು. ಬಾಗಿಲಲ್ಲಿ ಬಿದ್ದ ಪೇಪರು ನೋಡಿದರೆ ಸಾಕು, ಆ ಮನೆಯ ಓಟು ಯಾರಿಗೆ ಅಂತ ಗೊತ್ತಾಗುತ್ತಿತ್ತು. ನಮ್ಮದು ರೈತರ ಪಕ್ಷದ ಪೇಪರು, ತಂಗಿ ಈಗ ಕಳಿಸುವುದೂ ಅದನ್ನೇ."

"ನಮ್ಮ ಬೀದಿಯಲ್ಲಿ ಒಂದೇ ಪೇಪರನ್ನು ಹತ್ತು ಮನೆಯವರು ಓದುತ್ತಿದ್ದೆವು," ಅಂದೆ. "ನಮ್ಮ ಓಟು ಯಾರಿಗೆ ಅಂತ ಪೇಪರಿಗೇ ತಲೆ ಕೆಟ್ಟುಹೋಗಿತ್ತು."

೨. ಯಾರ ಕಡೆಯೂ ಅಲ್ಲ

"ಅದೀಗ ಶ್ರೀಮಂತರ ಪೇಪರು, ಪೂರ್ತಿ ಬಲಕ್ಕೆ ವಾಲಿದೆ," ಅಂದರು ಆಂಟಿ, ಅಂಕಲ್ ಕಡೆ ತಿರುಗಿ. "ನಿಮ್ಮಪ್ಪ ಅದಕ್ಕೇ ನಿಲ್ಲಿಸಿದ್ದು."

"ಅಪ್ಪ ನಿಲ್ಲಿಸಿದ್ದು ಕಣ್ಣು ಮಂಜಾಗಿ. ಪೇಪರು ಈಗ ಯಾರ ಕಡೆಯೂ ಅಲ್ಲ, ಹಾಗಂತ ಪೇಪರಿನವರೇ ಬರೆದುಕೊಂಡಿದ್ದಾರೆ," ಅಂದರು ಅಂಕಲ್.

"ಆಸ್ತಿ ಪಾಲಾಗುವಾಗ ನಮ್ಮ ಭಾವನೂ ಯಾರ ಕಡೆಯೂ ಅಲ್ಲ ಅಂದಿದ್ದರು," ಅಂದೆ. "ಅಂದಿದ್ದು ಮಾತ್ರ ದೊಡ್ಡಣ್ಣನ ಕಾರಿನಲ್ಲಿ ಕೂತು."

ಆಂಟಿ ನಕ್ಕರು, ಅಂಕಲ್ ನಗಲಿಲ್ಲ. ಮುಂದಿನ ಶನಿವಾರ ಆಂಟಿ ನಾಲ್ಕಕ್ಕೆ ಬಂದರು, ಅಂಕಲ್ ಐದಕ್ಕೆ. ನಾನು ಎರಡು ಸಲ ಟೀ ಕಾಯಿಸಿದೆ.

೩. ಅಪ್ಪನ ಪತ್ರ

ಕೊನೆಗೊಂದು ದಿನ ಅಂಕಲ್ ಹಳದಿಯಾದ ಒಂದು ಹಾಳೆ ಹಿಡಿದು, ಆಂಟಿಯನ್ನೂ ಕರೆದುಕೊಂಡು ಬಂದರು. ಪೇಪರು ನಿಲ್ಲಿಸುವಾಗ ಅವರಪ್ಪ ಸಂಪಾದಕರಿಗೆ ಬರೆದ ಪತ್ರ ಅದರಲ್ಲಿ ಅಚ್ಚಾಗಿತ್ತಂತೆ. ತಂಗಿ ಪೆಟ್ಟಿಗೆಯಲ್ಲಿ ಹುಡುಕಿ ಕಳಿಸಿದ್ದರು, ಅಂಕಲ್ ಇನ್ನೂ ಓದಿರಲಿಲ್ಲ.

"ನಾನು ಸೋತರೆ ಪೇಪರು ನಿಲ್ಲಿಸ್ತೀನಿ. ನೀನು ಸೋತರೆ ಕ್ಷಮೆ ಕೇಳಬೇಕು," ಅಂತ ಆಂಟಿಗೆ ಹೇಳಿ, ಹಾಳೆಯನ್ನು ಅಡುಗೆಕಟ್ಟೆಯ ಮೇಲಿಟ್ಟು ಕನ್ನಡಕ ತರಲು ಮನೆಗೆ ಹೋದರು. ಆಂಟಿ ಹಾಲ್‌ನಲ್ಲಿ ಮುಖ ಬಿಗಿದು ಕೂತರು.

ಒಲೆಯ ಮೇಲೆ ಬಾಣಲೆ, ಪಕ್ಕದಲ್ಲಿ ಹಳೇ ಪೇಪರು. ಕೈ ಯಾರನ್ನು ಕೇಳುತ್ತೆ? ಅಂಕಲ್ ವಾಪಸ್ ಬರುವಷ್ಟರಲ್ಲಿ ಅವರಪ್ಪನ ಪತ್ರದ ಮೇಲೆ ಹನ್ನೆರಡು ಈರುಳ್ಳಿ ಬಜ್ಜಿ ಕೂತಿದ್ದವು.

ಅಂಕಲ್ ಮುಖ ಸಪ್ಪಗಾಯಿತು. ನನಗೂ ಒಳಗೆ ಚುರುಕ್ಕೆಂದಿತು, ಆದರೆ ತಪ್ಪಾಯಿತು ಅನ್ನುವುದು ನನ್ನ ಜಾಯಮಾನವಲ್ಲ. "ಒಲೆ ಪಕ್ಕ ಇಟ್ಟವರದ್ದು ತಪ್ಪು," ಅಂದೆ. "ಅಲ್ಲದೆ ಈ ಪೇಪರು ಸರಿಯಾಗಿ ಎಣ್ಣೆ ಹೀರುವುದೂ ಇಲ್ಲ."

ಇಬ್ಬರೂ ಹಾಳೆಯನ್ನು ಕಿಟಕಿಗೆ ಹಿಡಿದು, ತಲೆಗೆ ತಲೆ ತಾಗಿಸಿ, ಒಂದೊಂದೇ ಪದ ಬಿಡಿಸತೊಡಗಿದರು. ಇದ್ದಕ್ಕಿದ್ದಂತೆ ಆಂಟಿ ನಗುತ್ತಾ ಕುರ್ಚಿಗೆ ಕುಸಿದರು.

"ಏನಂತೆ?"

ಅಂಕಲ್ ಇಂಗ್ಲಿಷಿನಲ್ಲಿ ಓದಿ ಹೇಳಿದರು: "ಇತ್ತೀಚೆಗೆ ನಿಮ್ಮ ಕಾಗದ ತೀರಾ ತೆಳುವಾಗಿದೆ. ಕರಿದ ಮೀನು ಸುತ್ತಿದರೆ ಎಣ್ಣೆ ಸೋರುತ್ತದೆ. ನಾಳೆಯಿಂದ ಪೇಪರು ಬೇಡ."

ಇಬ್ಬರಿಗೂ ಒಂದೇ ತಟ್ಟೆಯಲ್ಲಿ ಬಜ್ಜಿ ಕೊಟ್ಟೆ. ಇಡೀ ಡೆನ್ಮಾರ್ಕಿನಲ್ಲಿ ನನ್ನ ಪಕ್ಷದವರು ಅಂತ ಇದ್ದದ್ದು ಆ ಅಪ್ಪ ಒಬ್ಬರೇ.